ನಾಲ್ಕನೆಯ ಕಂಬ

ವೂಚ್ ನಗರದಲ್ಲಿ ನಾನು ಟಿವಿ ಕೂರಿಸುವವನು.
ಗೋಡೆಗೆ ನಾಲ್ಕು ತೂತು, ಮಟ್ಟಗೋಲು, ಒಂದು ಸಹಿ,
ಮುಂದಿನ ಮನೆ.
ಪಾನಿ ಬೊಗುಮಿಲಾ ಅವರಲ್ಲಿಗೆ ಮಾತ್ರ
ಎರಡನೆಯ ಸಲ ಹೋಗಬೇಕಾಯಿತು.
"ನಿಮ್ಮ ಪೆಟ್ಟಿಗೆ ಸುಳ್ಳು ಹೇಳುತ್ತಿದೆ," ಅಂದಿದ್ದರು ಫೋನಿನಲ್ಲಿ,
"ಬಂದು ಬಾಯಿ ಮುಚ್ಚಿಸಿ."

ಕೇಬಲ್ ಸಡಿಲವಿರಬೇಕು ಅಂದುಕೊಂಡು ಟ್ರಾಮ್ ಹತ್ತಿದೆ,
ಹಳೆಯ ನೂಲಿನ ಗಿರಣಿಗಳ ಕೆಂಪಿಟ್ಟಿಗೆ ದಾಟಿ.
ಲಿಫ್ಟು ಕೆಟ್ಟಿತ್ತು. ಐದನೇ ಮಹಡಿ.

ಪರದೆಯ ಮೇಲೆ ಹಳೆಯದೊಂದು ಚಿತ್ರ:
ರಾಜ ಸಾಯುವ ಹಿಂದಿನ ರಾತ್ರಿ,
ಅಮೃತಶಿಲೆಯ ಹಜಾರ, ಒಂದೇ ಮೇಣದಬತ್ತಿ,
ಆ ತುದಿಯಿಂದ ಈ ತುದಿಗೆ ಅವನ ನಡಿಗೆ.

"ಯಾರಿವನು?"
"ರಾಜ."
"ಅಲ್ಲ. ಸೆವೆರಿನ್.
ರಾಜನ ಬಟ್ಟೆ ತೊಟ್ಟುಕೊಂಡ ಸೆವೆರಿನ್.
ಸ್ಟುಡಿಯೋ ಕ್ಯಾಂಟೀನಿನಲ್ಲಿ ಸೂಪಿಗೆ ಸಾಲು ನಿಂತಾಗ
ಹೀಗೆ ನಡೆಯುತ್ತಿದ್ದ. ಕ್ಯಾಮೆರಾದ ಮುಂದೆ ಎಂದೂ ಅಲ್ಲ."

ನೋಡಿದೆ. ನಿಜವೇ.
ಎಣ್ಣೆ ಸವರಿದ ನೆಲದಲ್ಲಿ ಜಾರುವವನಂತೆ ಜಾರುತ್ತಿದ್ದ ದೊರೆ.
ಕಿರೀಟ ರಟ್ಟಿನದು, ಗಡ್ಡ ಅಂಟಿನದು.
ಎದುರು ಮನೆಯ ಕಿಟಕಿಯಲ್ಲಿ ಕಂಡಷ್ಟು ಹತ್ತಿರ,
ಅಷ್ಟೇ ಸಪ್ಪೆ.

ಅಂಗಡಿಯಲ್ಲಿ ಕಲಿಸಿದ್ದನ್ನು ಒಪ್ಪಿಸಿದೆ:
ಸಿನಿಮಾ ಅಂದರೆ ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ,
ಈ ಪರದೆಗೆ ನೂರು ಕೊಟ್ಟರೂ ಸಾಲದ ಹಸಿವು.
ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ
ಏನಿದ್ದೀತೆಂದು ತಾನೇ ಅಂದಾಜು ಹಾಕಿ
ಯಾರೂ ಇಡದ ಹೆಜ್ಜೆಗಳನ್ನು ಬರೆದು ತುಂಬಿಸುತ್ತದೆ.

"ಅಂದರೆ ಸತ್ತಮೇಲೂ ಸೆವೆರಿನ್‌ನ ಕೈಲಿ
ದುಡಿಸಿಕೊಳ್ಳುತ್ತಿದೆ," ಅಂದರು. "ಕೂಲಿ ಕೊಡದೆ."

ನಿಂಬೆ ಹೋಳು ತೇಲುವ ಚಹಾ ಬಂತು, ಗಾಜಿನ ಲೋಟದಲ್ಲಿ.
"ಥಿಯೇಟರಿನ ಯಂತ್ರ ರೆಪ್ಪೆ ಬಡಿಯುತ್ತಿತ್ತು ಕಣಪ್ಪಾ,
ಪ್ರತಿ ಚಿತ್ರ ಸರಿಯುವಾಗಲೂ.
ಎರಡು ತಾಸಿನ ಸಿನಿಮಾದಲ್ಲಿ ಹೆಚ್ಚುಕಡಿಮೆ ಒಂದು ತಾಸು
ಬರೀ ಕತ್ತಲು. ಜನ ಅದಕ್ಕೂ ಸೇರಿಸಿಯೇ ಟಿಕೆಟ್ ಕೊಳ್ಳುತ್ತಿದ್ದರು.
ನಾನು ಪ್ಲೈವುಡ್ಡಿಗೆ ಬಣ್ಣ ಬಳಿದೆ, ಅಷ್ಟೆ.
ಅಮೃತಶಿಲೆ ಮಾಡಿದ್ದು ಆ ಕತ್ತಲು."

ರಿಮೋಟ್ ಹಿಡಿದು ಹೊಕ್ಕೆ:
ಪಟ್ಟಿಯೊಳಗೆ ಪಟ್ಟಿ, ಅದರೊಳಗೊಂದು ಪಟ್ಟಿ.
ಕೊನೆಗೆ ಸಿಕ್ಕಿತು ಆ ಗುಂಡಿ. ಅದರ ಹೆಸರು
'ಸಹಜ ಚಲನೆ'.
ಇಬ್ಬರೂ ನಕ್ಕೆವು. ಆರಿಸಿದೆ.

ಸೆವೆರಿನ್ ಹೋದ.
ಮೇಲಂಗಿಯ ಅಂಚು ಗಾಳಿಯಲ್ಲಿ ಕದಡಿತು,
ಪ್ರತಿ ಹೆಜ್ಜೆಯೂ ಎಲ್ಲಿಂದಲೋ ಬಂದು ನೆಲಕ್ಕೆ ಬಿತ್ತು.
ಸಾಯಲಿದ್ದ ಅವನು, ನಾಳೆ ಬೆಳಗಾಗುವುದರೊಳಗೆ.
ನಾನು ಚಹಾ ಮರೆತೆ.

"ನನ್ನ ಕಂಬಗಳು?" ಅಂದರು ಆಕೆ. "ಇನ್ನೂ ಪ್ಲೈವುಡ್ಡೇ."
ಅದು ಬೇರೆ ರೋಗ, ಅಂದೆ. ಹಳೆಯ ನೆಗೆಟಿವನ್ನು
ಹೊಸದಾಗಿ ತೊಳೆದು ಇಳಿಸಿದ್ದಾರೆ, ಪರದೆಯ ಕಣ್ಣು ಚುರುಕು,
ಕುಂಚದ ಒಂದೊಂದು ಕೂದಲೂ ಕಾಣುತ್ತದೆ.
ಅದಕ್ಕೆ ಗುಂಡಿಯಿಲ್ಲ.

"ನಿಲ್ಲಿಸು."
ಎದ್ದರು. ಕನ್ನಡಕ ಬದಲಿಸಿದರು.
ಮೂಗು ಪರದೆಗೆ ತಾಗುವಷ್ಟು ಬಗ್ಗಿ
ನಾಲ್ಕನೆಯ ಕಂಬದ ಬುಡದಲ್ಲಿ ಬೆರಳಿಟ್ಟರು.
ಬೂದುಬಣ್ಣದ ನರವೊಂದು ಕಲ್ಲಿನೊಳಗೆ ಹರಿದಂತೆ ಹರಿದು
ಅಕ್ಷರವಾಗಿತ್ತು:
'ಸಂಬಳ ಯಾವಾಗ?'

ಲೆಯೊಕಾಡಿಯಾಳ ಕೈಬರಹವಂತೆ.
ಜೊತೆಗೆ ನಿಂತು ಬಳಿದವಳು.
ಭೂಮಿಯ ಮೇಲೆ ಯಾರಿಗೂ ಇದು ಕಾಣದು ಎಂದು
ಒಂದು ಚಾಕಲೇಟಿಗೆ ಪಂದ್ಯ ಕಟ್ಟಿದ್ದಳಂತೆ.

"ಸೋತಳು," ಅಂದರು, "ನಲವತ್ತೊಂದು ವರ್ಷಕ್ಕೆ."
ವಸೂಲಿಗೆ ಅವಳಿಲ್ಲ.

ನಿಂತ ಚಿತ್ರದೆದುರು ಆಕೆ, ಹಾಗೆಯೇ.
ಪೆಟ್ಟಿಗೆಗೆ ತುಂಬಿಸಲು ಏನೂ ಇರಲಿಲ್ಲ.
ನಾನು ಸಹಿ ಕೇಳಲಿಲ್ಲ.

ಇಳಿಯುವಾಗ, ಮೂರನೇ ಮಹಡಿ ದಾಟುತ್ತಲೇ,
ತಾನಾಗಿ ಆರುವ ಮೆಟ್ಟಿಲ ದೀಪ ಆರಿತು.
ಮುಂದಿನ ಗುಂಡಿ ಎರಡನೆಯದರಲ್ಲಿ.
ಮೆಟ್ಟಿಲು ಇದ್ದೀತೆಂದು ಕಾಲಿಟ್ಟೆ.

ಇತ್ತು.