ದೊಡ್ಡಿ ದಫ್ತರದ ನಲವತ್ತೊಂದನೇ ನಮೂದು

ಕೋಣ ಒಂದು. ಬಣ್ಣ ಕಪ್ಪು. ಹಣೆಯಲ್ಲಿ ಸುಳಿಯಿಲ್ಲ,
ತೊಡೆಯಲ್ಲಿ ಬರೆಯಿಲ್ಲ. ಹಲ್ಲು ಎಣಿಸಲು ಹೋದೆ,
ಲೆಕ್ಕ ತಪ್ಪಿತು. ಮತ್ತೆ ಎಣಿಸಿದೆ. ಬಿಟ್ಟೆ.
ಹಿಡಿದ ಜಾಗ: ಹಲಸೂರು ಬಾಗಿಲ ನಾಕಾ,
ಪೇಟೆಗೂ ದಂಡಿಗೂ ನಡುವೆ ಬಿದಿರು ಅಡ್ಡ ಕಟ್ಟಿದ ಕಡೆ.
ಅಪರಾಧ: ಪಾಸಿಲ್ಲ.

ಪ್ಲೇಗಿನ ವರುಷ. ತರಗುಪೇಟೆಯ ಮಂಡಿಗಳಲ್ಲಿ
ಇಲಿಗಳು ಹಣ್ಣಾದ ನೇರಳೆಯ ಹಾಗೆ ತೊಲೆಯಿಂದ ಉದುರುತ್ತಿದ್ದವು.
ಬಾಗಿಲಿಗೆ ಸುಣ್ಣದ ಗೀಟು ಬಿದ್ದ ಮನೆಯವರು
ಮಡಕೆ ಕುಡಿಕೆ ಹೊತ್ತು ಊರಾಚೆಯ ಗುಡಿಸಲಿಗೆ.

ಕೋಣದ ಒಡೆಯನನ್ನು ಸಾರ್ಜೆಂಟ್ ಟಿಲ್ಬಿ ಕೇಳಿದ: ಯಾವೂರು?
ತೆಂಕಣ.
ಸೇಲಂ ಕಡೆಯಾ?
ಅದಕ್ಕೂ ಆಚೆ.
ಕಸುಬು?
ಜನರನ್ನ ಕರಕೊಂಡು ಹೋಗೋದು.
ಕೂಲಿ ಸಾಗಿಸುವ ಮೇಸ್ತ್ರಿ ಎಂದು ಬರೆದುಕೊಂಡ ಟಿಲ್ಬಿ,
ಸಿಲೋನಿಗೋ, ಮಾರಿಷಸ್ಸಿಗೋ.
ಕೋಣವನ್ನು ನನ್ನ ದೊಡ್ಡಿಗೆ ಅಟ್ಟಿದ. ದಂಡ ಎಂಟಾಣೆ.

ಒಡೆಯನ ಬಳಿ ಕಾಸಿರಲಿಲ್ಲ. ಜಗುಲಿಯಲ್ಲಿ ಕೂತ,
ಎತ್ತು ಕಳೆದುಕೊಂಡ ಗಾಡಿಯವನ ಹಾಗೆ,
ಹೆಗಲ ಹಗ್ಗವನ್ನು ಮಡಿಲಲ್ಲಿ ಸುತ್ತಿಟ್ಟುಕೊಂಡು.
ನನ್ನ ದಫ್ತರ ಇಣುಕಿ ಒಮ್ಮೆ ಹೇಳಿದ:
"ನಮ್ಮ ಲೆಕ್ಕದವನಿಗಿಂತ ನಿನ್ನ ಅಕ್ಷರ ಅಚ್ಚುಕಟ್ಟು, ಪಿಳ್ಳಪ್ಪ."
ಹೆಸರು ನಾನು ಹೇಳಿರಲಿಲ್ಲ.

ದಂಡಧರನಿಗೇ ಎಂಟಾಣೆ ದಂಡ!
ಬೇರೆ ವರ್ಷವಾಗಿದ್ದರೆ ನಗುತ್ತಿದ್ದೆ.
ಬೀಗ ಹಾಕಿದೆ. ಎರಡು ಸಲ ಎಳೆದು ನೋಡಿದೆ.

ಯಾಕೆಂದರೆ ಮನೆಯಲ್ಲಿ ತಿಪ್ಪಿಗೆ ತೊಡೆಸಂದಿಯಲ್ಲಿ ಗಡ್ಡೆ ಎದ್ದಿತ್ತು.
ಮೂರು ಮಕ್ಕಳು ಹೋದ ಮೇಲೆ ಹುಟ್ಟಿದವಳು;
ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಉರುಳಿಸಿ
ಅದೇ ಹೆಸರಿಟ್ಟಿದ್ದೆವು, ಕೇಳಿದವನು
ಮೂಗು ಮುಚ್ಚಿ ಮುಂದಿನ ಮನೆಗೆ ಹೋಗಲಿ ಎಂದು.

ಒಂದು ದಿನ. ಪೇಟೆಯಲ್ಲಿ ಯಾರೂ ಸಾಯಲಿಲ್ಲ.
ಎರಡು ದಿನ. ಮಾಗಡಿ ರಸ್ತೆಯ ಷೆಡ್ಡಿನ ಡಾಕ್ಟರ್
ಲಸಿಕೆ ಫಲಿಸಿತೆಂದು ತಂತಿ ಕೊಟ್ಟ.
ಅಣ್ಣಮ್ಮನಿಗೆ ಮೊಸರನ್ನದ ತಳಿಗೆ ಹೋಯಿತು.
ಮೂರನೆಯ ರಾತ್ರಿ,
ಮಗ್ಗದ ಬೀದಿಯ ಮುದುಕಿ ಬೋರಕ್ಕ
ಗಂಟಲಿಗೆ ಬಂದ ಉಸಿರು ಒಳಗೂ ಹೋಗದೆ ಹೊರಗೂ ಬರದೆ
ತಿದಿಯ ಹಾಗೆ ಊದುತ್ತಿದ್ದಳು. ಮನೆಮನೆಯಿಂದಲೂ ಅದೇ ಸದ್ದು.
ಊರೇ ಒಂದು ಕುಲುಮೆ.
ತಿಪ್ಪಿ ಕಣ್ಣು ಬಿಟ್ಟೇ ಮಲಗಿದ್ದಳು.
ಬಾಯಿಗೆ ಬಿಟ್ಟ ನೀರು ಕೆನ್ನೆಯಲ್ಲಿ ಇಳಿಯುತ್ತಿತ್ತು.
"ಅಪ್ಪಾ, ಯಾರೋ ಬಾಗ್ಲು ಹಾಕವ್ರೆ," ಅಂದಳು.
"ನಂಗೆ ಹೋಗಕ್ಕಾಗ್ತಿಲ್ಲ."

ಬೀಗ ತೆಗೆದೆ.
"ಮೂರು ದಿನ ಹುಲ್ಲು ಹಾಕಿದವನು ನೀನು,
ನಿನ್ನ ಹಿಂದೆಯೇ ಬರುತ್ತೆ. ಹಿಡಿ," ಎಂದು
ಹಗ್ಗದ ತುದಿ ಕೊಟ್ಟ. ಬಾಳೆನಾರಿನಷ್ಟು ಹಗುರ.
ನಾನು ಮುಂದೆ, ಕೋಣ ನಡುವೆ, ಅವನು ಹಿಂದೆ.
ಬಾಗಿಲು ಬಾಗಿಲಿಗೂ ನಿಂತೆವು. ಒಂದೊಂದೇ ತಿದಿ ನಿಂತಿತು.
ಬೋರಕ್ಕನ ಸೊಸೆ ಕತ್ತಲಲ್ಲಿ ನನ್ನ ಕಡೆ ನೋಡಿ
ಕೈಮುಗಿದಳು. ಅದನ್ನು ಯಾವ ಕಾಲಂನಲ್ಲಿ ಬರೆಯಲಿ?

ನನ್ನ ಬೀದಿಯ ತಿರುವಿನಲ್ಲಿ ಹಗ್ಗವನ್ನು ಎಡಕ್ಕೆ ಎಳೆದೆ.
ಬಂತು, ಎಡಕ್ಕೇ ಬಂತು ಬಡಪಾಯಿ, ನಾನು ಎಳೆದ ಕಡೆಗೆ.
ಆದರೂ ಬಂದು ನಿಂತದ್ದು
ನಮ್ಮ ಹಿತ್ತಿಲಿಗೇ.

ಬೆಳಗ್ಗೆ ದಫ್ತರದಲ್ಲಿ ಉಳಿದದ್ದನ್ನು ತುಂಬಿದೆ.
ಬಿಟ್ಟ ವೇಳೆ: ಕೋಳಿ ಕೂಗುವ ಮುಂಚೆ.
ದಂಡ ಕಟ್ಟಿದವರು: ತಿಪ್ಪಮ್ಮ, ಒಂಬತ್ತು ವರ್ಷ.

ಆಡಿಟ್ಟಿಗೆ ಬಂದ ಸಾಹೇಬ ಕೆಂಪು ಮಸಿಯಲ್ಲಿ ಬರೆದ:
ಎಂಟಾಣೆ ಜಮೆಯಾಗಿಲ್ಲ. ವಿವರಣೆ ಕೊಡತಕ್ಕದ್ದು.

ಕಾರ್ತೀಕದ ಸಂಬಳದಲ್ಲಿ ಮುರಿದುಕೊಂಡರು.