ಯಾರು ಬೇಕಿತ್ತು?

ಕಡಲ ಹತ್ತಿರ ಮಾತ್ರ ಬೇಡ ಅಂದರು ಎಲ್ಲರೂ.
ವಾಲ್ಪರೈಸೋದ ಕೆಳಬೀದಿಯ ಕಂಬಕಂಬಕ್ಕೂ ಹಲಗೆ,
ಅಲೆಗೆ ಬೆನ್ನು ಕೊಟ್ಟು ಗುಡ್ಡ ಹತ್ತಿ ಓಡುವ ಬಿಳಿ ಮನುಷ್ಯ.
ಮುಖವಿಲ್ಲ ಅವನಿಗೆ. ಕಂಕುಳಲ್ಲಿ ಮಗುವಿಲ್ಲ.
ನನಗಿದ್ದಾಳೆ ಮಿಲ್ಯಾರೈ, ಏಳು ವರ್ಷ,
ಎಡಗಾಲಿಗೆ ಕಬ್ಬಿಣದ ಪಟ್ಟಿ.

ಹಾಗಾದರೆ ನೆತ್ತಿಗೇ ಹೋಗಿ, ಅಂದ ದಲ್ಲಾಳಿ ಉರ್ರೂತಿಯಾ,
ಗಾಳಿ, ನೋಟ, ಅಗ್ಗದ ಬೆಲೆ.
ನೆತ್ತಿಯಲ್ಲಿ ನೀಲಗಿರಿ ತೋಪೂ ಇತ್ತು, ಒಣಗಿ ಗರಿಗರಿ.
ತೋರಿಸಿದ ಮನೆಯ ಬಚ್ಚಲಗೋಡೆಗೆ ಹೊಸ ಬಣ್ಣ,
ಬೆರಳಿಂದ ಉಜ್ಜಿದೆ, ಮಸಿ ಬಂತು.
ಹಳೇ ಒಲೆಯ ಹೊಗೆ, ಅಂದ.
ಬಚ್ಚಲಲ್ಲಿ ಒಲೆ ಹೂಡುವವರು ಯಾರಪ್ಪಾ?

ಸುರಕ್ಷಿತ, ಸುರಕ್ಷಿತ ಅನ್ನುತ್ತಲೇ ಇದ್ದ,
ಬಾಯಲ್ಲಿ ಹಾಕಿಕೊಂಡ ಪುದೀನ ಗುಳಿಗೆಯ ಹಾಗೆ.
ಆ ಮಾತು ನನಗೆ ಹೊಸದಲ್ಲ.
ಕಾಲಾಮಾದ ತಾಮ್ರಗಣಿಯ ಗೇಟಿನಲ್ಲಿ ಹನ್ನೊಂದು ವರ್ಷ
ದಿನಾ ಬೆಳಗ್ಗೆ ಅಂಕಿ ಬದಲಿಸುತ್ತಿದ್ದವಳು ನಾನು:
ಅಪಘಾತವಿಲ್ಲದ ದಿನಗಳು, ಇನ್ನೂರ ಹದಿಮೂರು.
ಇನ್ನೂರ ಹದಿನಾಲ್ಕು.
ಮಾರನೆಯ ದಿನ ಸೊನ್ನೆ ತೂಗುಹಾಕಿದ್ದು ಬೇರೆ ಯಾರೋ,
ನನಗೆ ರಜೆ ಕೊಟ್ಟಿದ್ದರು.
ಆ ಸೊನ್ನೆಗೆ ಸಿಕ್ಕ ಪರಿಹಾರದ ದುಡ್ಡೇ
ಈಗ ಮನೆ ಕೊಳ್ಳಲು ಬಂದಿರುವುದು.

ನಡುಗುಡ್ಡದಲ್ಲಿ ಒಂದಿತ್ತು, ತಗಡಿನ ಗೋಡೆ, ಹಳದಿ ಬಾಗಿಲು,
ಬೀದಿಯಿಂದ ನೂರಾ ಆರು ಮೆಟ್ಟಿಲು.
ದಲ್ಲಾಳಿಯನ್ನು ಬಿಟ್ಟು ಒಬ್ಬಳೇ ಹೋದೆ.
ಬೆಳಗ್ಗೆ ಹೋದೆ, ಗ್ಯಾಸಿನವನು ಸಿಲಿಂಡರು ಬಡಿಯುವ ಹೊತ್ತು.
ರಾತ್ರಿ ಹನ್ನೊಂದಕ್ಕೆ ಹೋದೆ, ಎದೆ ಡವಡವ.
ಒಡೆಯದ ಬಲ್ಬು ಎಣಿಸಿದೆ.
ಕಿಟಕಿ ಸರಳಲ್ಲಿ ಎಷ್ಟು ಹೊಸವು, ಎಷ್ಟಕ್ಕೆ ತುಕ್ಕು,
ರಾತ್ರಿ ತಂತಿಯಲ್ಲಿ ಬಿಟ್ಟ ಬಟ್ಟೆ
ಬೆಳಗ್ಗೆಯೂ ಅಷ್ಟೇ ಇತ್ತೇ, ಬರೆದುಕೊಂಡೆ.

ಮೊದಲ ಸಲವೇ ಮೇಲಿನ ಕಿಟಕಿಯಿಂದ ಬಿತ್ತು ದನಿ:
ಯಾರು ಬೇಕಿತ್ತು?
ಮುದುಕಿ. ಮಡಿಲಲ್ಲಿ ಹುರುಳಿಕಾಯಿ, ಕೈಯಲ್ಲಿ ಚಾಕು.
ಎರಡನೇ ಸಲವೂ ಅದೇ, ಯಾರು ಬೇಕಿತ್ತು?
ಮೂರನೇ ಸಲ, ಕತ್ತಲಲ್ಲಿ, ನಾಯಿಯ ಜೊತೆ.
ಅವಮಾನವಾಯಿತು. ಇಳಿದು ಬರುತ್ತ
ಎಂಬತ್ತನೇ ಮೆಟ್ಟಿಲಲ್ಲಿ ಹೊಳೆಯಿತು:
ಈ ಊರಲ್ಲಿ ಇಷ್ಟು ದಿನಕ್ಕೆ
ನನ್ನನ್ನು ಯಾರಾದರೂ ನೋಡಿದ್ದು ಇದೇ ಮೊದಲು.

ನಾಲ್ಕನೇ ಸಲ ಮಗಳನ್ನೂ ಕರೆದೊಯ್ದೆ.
ಠಣ್, ಠಣ್, ಮೆಟ್ಟಿಲಿಗೊಂದು ಸದ್ದು.
ಡೋನ್ಯಾ ಎಡುವಿಹೆಸ್ ಕೇಳಿದಳು:
ಈ ಹುಡುಗಿಗೆ ನಾರು ತೆಗೆಯಲು ಬರುತ್ತಾ?
ಬಾಗಿಲು ತೆರೆಯಿತು. ಆ ವಾರವೇ ಸಹಿ ಹಾಕಿದೆ.
ಭೂಕಂಪದ ಬಗ್ಗೆ ಕೇಳಲೇ ಇಲ್ಲ,
ಅದಕ್ಕೆ ಈ ದೇಶದಲ್ಲಿ ಬಡಾವಣೆ ಅಂತ ಇಲ್ಲ.

ಈಗ ಮಿಲ್ಯಾರೈ ಬರುವುದು ಬೀದಿಯಲ್ಲಿರುವಾಗಲೇ ಗೊತ್ತಾಗುತ್ತದೆ,
ಠಣ್ ಅಂದರೆ ಸಾಕು ನಾಲ್ಕು ಕಿಟಕಿ ತೆರೆಯುತ್ತವೆ.
ಎಡುವಿಹೆಸ್ ಹಾಸಿಗೆ ಹಿಡಿದಿದ್ದಾಳೆ,
ಅವಳ ಕಿಟಕಿಯಲ್ಲಿ ಸಂಜೆ ಹೊತ್ತು ನಾನು ಕೂರುತ್ತೇನೆ.

ಕಳೆದ ಮಂಗಳವಾರ ಒಬ್ಬ ಬಂದ.
ಎಳೆಯ ಪ್ರಾಯ, ಹೈಟಿಯವನಿರಬೇಕು, ಇಸ್ತ್ರಿ ಮಾಡಿದ ಅಂಗಿ.
ಮೆಟ್ಟಿಲ ಮೇಲೆ ನಿಂತು ಕತ್ತೆತ್ತಿ ನೋಡುತ್ತಿದ್ದ,
ಕಂಬದ ಬಲ್ಬು, ತಂತಿಯ ಬಟ್ಟೆ, ಕಿಟಕಿಯ ಸರಳು.
ಯಾರು ಬೇಕಿತ್ತು?
ದನಿ ನನ್ನದೇ. ಚಾಕು ಕೈಯಲ್ಲೇ ಇತ್ತು.
ಅವನು ಟೋಪಿ ತೆಗೆದ, ಎರಡು ಮೆಟ್ಟಿಲು ಹಿಂದೆ ಸರಿದ,
ಎರಡೂ ಅಂಗೈ ಕಾಣುವಂತೆ ಹಿಡಿದ. ಒಂದರಲ್ಲಿ
ಮಡಿಸಿದ ಕಾಗದ, ಪೆನ್ಸಿಲು.

ಅವನು ಎರಡನೇ ಸಲ ಬರಲಿಲ್ಲ.

ಬೆಳಗ್ಗೆ ಎದ್ದು ತಂತಿಯ ಬಟ್ಟೆ ಎಣಿಸಿದೆ.
ಎಲ್ಲ ಇದ್ದವು.