ನೆಪ್ಪಿನ ತಂತಿ

ಮೊದಲ ಸಲ ತಂತಿ ಜಾರುತ್ತದೆ. ಯಾವಾಗಲೂ.
ಯಂತ್ರದ ದವಡೆಗೆ ಉಪ್ಪುಕಾಗದದ ಚೂರು ಕೊಟ್ಟು
ಹಿಡಿ ಬಿಗಿಸಿ ಮತ್ತೆ ಎಳೆಯಬೇಕು.
ಗೌರಿ ಹಬ್ಬ ಕಳೆದ ಸೆಕೆ, ಮಂಡ್ಯ. ಫ್ಯಾನು ನಿಲ್ಲಿಸಿದ್ದೇನೆ,
ಗಾಳಿ ತಾಕಿದರೆ ಮುಳ್ಳು ನಡುಗುತ್ತದೆ.
ಕಿಟಕಿಯಿಂದ ಕಾಕಂಬಿ ವಾಸನೆ.

ಅಪ್ಪ ಸ್ಟೂಲಿನ ಮೇಲೆ ಕೂತಿದ್ದಾನೆ.
ನಾಗಮಂಗಲದಿಂದ ಆಸ್ಪತ್ರೆಗೆಂದು ಬಂದವನು,
ಬಸ್ಸಿಗೆ ಇನ್ನೂ ಎರಡು ಗಂಟೆ.
ಬಲಗೈ ತೋರುಬೆರಳು ಮಡಿಚಿದ್ದು ಮಡಿಚಿದಂತೇ,
ಮೂಸೆ ಸೀಳಿದ ದಿನದಿಂದ, ಹನ್ನೊಂದು ವರ್ಷ.
ದಿನಾ ಬೆಳಿಗ್ಗೆ ಬಿಸಿನೀರಿಗೆ ಅದ್ದುತ್ತಾನೆ.

"ತಂತಿಗೂ ನೆಪ್ಪಾ?" ಅಂದ.
"ಹೂಂ. ನಿಕ್ಕಲ್ಲು, ಟೈಟೇನಿಯಮ್ಮು, ಅರ್ಧಕ್ಕರ್ಧ."
"ಸುಮ್ಕಿರವ್ವ. ಲೋಹಕ್ಕೆ ನೆಪ್ಪಿದ್ದಿದ್ರೆ
ನಮ್ಮ ಕಸುಬು ನಡೀತಿತ್ತಾ?
ಒಡೆದ ಹಂಡೆ ಕರಗಿಸಿ ಬಸವನ್ನ ಎರೆದ್ರೆ
ಪೂಜೆ ಮಧ್ಯೆ ಎದ್ದು
ನೀರು ಕಾಯ್ಸಕ್ಕೆ ಹೊಂಟುಬುಡ್ತಿತ್ತು!"

ಸ್ವಿಚ್ಚು ಒತ್ತಿದೆ.
ಮೊದಮೊದಲು ಎಲ್ಲ ತಂತಿಯ ಹಾಗೇ ಇದೂ:
ಎಳೆದಷ್ಟು ಬಿಗಿ, ಬಿಗಿದಷ್ಟು ಮುಳ್ಳು ಮೇಲೆ.
ಹನ್ನೆರಡು ಕೇಜಿಗೆ
(ಸೊಂಟದೆತ್ತರದ ಒಂದು ದೀಪ, ಅಪ್ಪನ ಲೆಕ್ಕದಲ್ಲಿ)
ಮುಳ್ಳು ನಿಂತುಬಿಟ್ಟಿತು.
ತಂತಿ ಉದ್ದವಾಗುತ್ತಿದೆ, ಭಾರ ಏರುತ್ತಿಲ್ಲ.
ಒಂದು ಮಿಲಿಮೀಟರು. ಎರಡು. ಮೂರು.
ಗೆರೆ ನಾಲೆಯ ಏರಿಯಷ್ಟು ಮಟ್ಟ.

ಅಪ್ಪ ಎದ್ದು ಬಂದ. "ಹರಿದೋಯ್ತದಾ?"
ಇಲ್ಲ. ಒಳಗೊಳಗೇ ಓರೆಯಾಗುತ್ತಿದೆ.
ಹೇಗೆ ಹೇಳಲಿ?
ಮೈಸೂರಿನಿಂದ ಬರುವ ಬೆಳಗಿನ ಪ್ಯಾಸೆಂಜರಿನಲ್ಲಿ
ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ
ಒಬ್ಬರ ವಾಲಿಗೆ ಒಬ್ಬರು ಒರಗಿ ನಿಂತಿರುತ್ತೇವೆ, ಅವಳಿಗಳ ಹಾಗೆ.
ಪಾಂಡವಪುರದ ಹತ್ತಿರ ಬ್ರೇಕು ಬಿತ್ತೋ
ಇಡೀ ಬೋಗಿ ಒಂದೇ ಕಡೆಗೆ.
ಯಾರೂ ಜಾಗ ಬಿಟ್ಟಿರುವುದಿಲ್ಲ. ಪಕ್ಕದವರು ಪಕ್ಕದವರೇ.
ಬುತ್ತಿಚೀಲ ಅದೇ ಕೈಯಲ್ಲಿ.

ಭಾರ ಇಳಿಸಿದೆ. ಒಂದಿಷ್ಟು ಹಿಂದೆ ಬಂತು.
ನಾಲ್ಕು ಮಿಲಿಮೀಟರು ಬರಲಿಲ್ಲ,
ಏನೂ ಆಗದವರ ಹಾಗೆ ಸಡಿಲವಾಗಿ ಬಿದ್ದಿತ್ತು.
"ಈಗ ನೋಡು" ಅಂತ ಸ್ಟವ್ ಮೇಲಿನ ಬೀಕರಿಗೆ ಬಿಟ್ಟೆ.
ಕುದಿ ಬರುವ ಮೊದಲೇ ಕುಗ್ಗಿತು.
ಅಳೆದೆ. ಮೊದಲಿನಷ್ಟೇ.
ಅಪ್ಪ ತಂತಿಯನ್ನು ನೋಡಲಿಲ್ಲ, ಹಬೆಯನ್ನು ನೋಡಿದ.
ಬಲಗೈ ಜೇಬಿನಲ್ಲಿಟ್ಟುಕೊಂಡ.

ಹಿಂದಿನ ವಾರ ತನ್ವೀರ ಯಂತ್ರ ನಿಲ್ಲಿಸಲು ಮರೆತಿದ್ದ.
ಮಟ್ಟ ಮುಗಿದು ಗೆರೆ ಮತ್ತೆ ಏರಿ
ಇಪ್ಪತ್ತು, ನಲವತ್ತು, ಐವತ್ತೈದು,
ಅಲ್ಲಿ ಪಕ್ಕದವರು ಬದಲಾಗುತ್ತಾರೆ,
ಹಿಡಿದ ಕೈ ಬಿಟ್ಟು ಸಿಕ್ಕ ಕೈ ಹಿಡಿಯುತ್ತಾರೆ.
ಆಮೇಲೆ ಎಷ್ಟು ಕುದಿಸಿದರೂ
ಎರಡು ಮಿಲಿಮೀಟರು ಹೊರಗೇ.
ರೆಕಾರ್ಡಿನಲ್ಲಿ "ತಪ್ಪಾಯಿತು" ಅಂತ ಬರೆದಿದ್ದ.
ಹೊಡೆದುಹಾಕಿಸಿ, "ಉಳಿಕೆ: ಎರಡು" ಅಂತ ಬರೆಸಿದೆ.
ಆ ಕೆಟ್ಟ ತುಂಡನ್ನು ಅಪ್ಪ ಕೇಳಿ ಇಸಕೊಂಡ.

ಹದಿನೈದು ದಿನಕ್ಕೆ
ಕಂಡಕ್ಟರ ಕೈಯಲ್ಲಿ ಒಂದು ಪೊಟ್ಟಣ. ಹಿಂದೆಯೇ ಫೋನು.
"ಕಂಬಿಗೆ ಬಿಗಿದು ಕೆಂಡದಲ್ಲಿಟ್ಟೆ ಕಣವ್ವ,
ಹದ ನೋಡಿ ನೀರಿಗೆ ಅದ್ದಿದೆ.
ಎರಡು ಸಲ ಆಗ್ಲಿಲ್ಲ. ಮೂರನೇ ಸಲಕ್ಕೆ ಬಂತು.
ನಿಮ್ಮ ಪುಸ್ತಕ ಏನಂತದೋ ಕಾಣೆ.
ನೆಪ್ಪನ್ನೂ ಕಾಯ್ಸಿ ಬಗ್ಗಿಸ್ಬೌದು."

ಒಳಗೆ ನೆಟ್ಟನೆಯ ತಂತಿ; ಅವನೇ ನೀವಿ ನೆಟ್ಟಗೆ ಮಾಡಿ ಕಳಿಸಿದ್ದು.
ಬೀಕರಿಗೆ ಬಿಟ್ಟೆ.
ಎರಡು ಕಡೆ ಗಿಣ್ಣು ಎದ್ದಿತು.
ತುದಿ ಒಂದಿಷ್ಟು ಎಡಕ್ಕೆ ಹೊರಳಿತು.
ಆ ಎಡಹೊರಳು ಡಾಕ್ಟರ ಚೀಟಿಯಲ್ಲಿಲ್ಲ.

"ಏನ್ ಮೇಡಂ, ಕೊಕ್ಕೆನಾ?" ತನ್ವೀರ ಕೇಳಿದ.

ತೆಗೆದು ಸೆರಗಿನಲ್ಲಿ ಒರೆಸಿದೆ. ಆರುವವರೆಗೆ ಕಾದೆ.
ಎರಡು ಬೆರಳಲ್ಲಿ ನೀವಿದೆ. ನೆಟ್ಟಗಾಯಿತು,
ಎಷ್ಟು ಸಲೀಸು, ಏನೂ ತ್ರಾಸಿಲ್ಲ.
ಹಾಗೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು
ಮತ್ತೆ ನೀರಿಗೆ ಬಿಟ್ಟೆ.